ಇನ್‌ಸ್ಪೈರ್ ಮಾನಕ್‌ಗೆ ನಿಮ್ಮ ಶಾಲೆಯ ಮಕ್ಕಳ ಐಡಿಯಾ ಕಳಿಸಿ

ಚಳ್ಳಕೆರೆ ಕಡೆಯ ಹಳ್ಳಿಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಇನ್‌ಸ್ಪೈರ್ ಮಾನಕ್ ಅಂದರೆ ಶಾಲಾ ಮಕ್ಕಳ ಹೊಸ ಐಡಿಯಾಗಳಿಗೆ ನೆರವು ಕೊಡುವ, ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆ. ಐಡಿಯಾ ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ನೇರ ಮಗುವಿನ ಖಾತೆಗೇ ಬರುತ್ತದೆ.

ತರಗತಿಯಲ್ಲಿ ‘ವಿಜ್ಞಾನದ ಐಡಿಯಾ ಕೊಡಿ’ ಅನ್ನಬೇಡಿ, ಎಲ್ಲರೂ ಯೂಟ್ಯೂಬ್ ನೋಡಿ ಒಂದೇ ಥರದ್ದು ತರುತ್ತಾರೆ. ‘ಮನೇಲಿ ಯಾರಿಗೆ ಯಾವ ಕೆಲಸ ಕಷ್ಟ?’ ಅಂತ ಕೇಳಿ. ಹೀಗೆ ಕೇಳಿದ ಮರುದಿನ ಒಂಬತ್ತನೇ ಕ್ಲಾಸಿನ ಹುಡುಗಿ ಅಜ್ಜಿಯನ್ನೇ ಕರೆತಂದಳು. ಬಿತ್ತನೆಗೆಂದು ಶೇಂಗಾ ಸುಲಿದೂ ಸುಲಿದೂ ಅಜ್ಜಿಯ ಹೆಬ್ಬೆರಳಿನ ಉಗುರು ಸೀಳಿತ್ತು. ಹಲಗೆಗೆ ಹಳೇ ಸೈಕಲ್ ಟೈರಿನ ತುಂಡು ಹೊಡೆದು, ಬೀಜ ಒಡೆಯದಂತೆ ಸಿಪ್ಪೆ ಉಜ್ಜಿ ತೆಗೆಯುವ ಸಾಧನದ ಚಿತ್ರ ಬರೆದಳು. ಅದೇ ನಿಜವಾದ ಐಡಿಯಾ.

ಕಳಿಸುವ ಐಡಿಯಾದ ಸಾರಾಂಶವನ್ನು ಮಗುವೇ ಬರೆಯಲಿ. ಕನ್ನಡದಲ್ಲೇ ಬರೆಯಬಹುದು, ದಯವಿಟ್ಟು ತಿದ್ದಿ ಪುಸ್ತಕದ ಭಾಷೆ ಮಾಡಬೇಡಿ. ಯೋಜನೆಯ ಪೋರ್ಟಲ್‌ನಲ್ಲಿ ನೋಂದಣಿ ಶಾಲೆಯ ಕೆಲಸ.

ಪಾಸ್‌ಬುಕ್ಕಿನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಇದೆಯಾ ನೋಡಿ. ಇನಿಷಿಯಲ್ ವ್ಯತ್ಯಾಸದಿಂದ ನಮ್ಮ ಹುಡುಗನೊಬ್ಬ ತಿಂಗಳುಗಟ್ಟಲೆ ಅಲೆದ. ಜೂನ್‌ನಲ್ಲೇ ಖಾತೆ ಮಾಡಿಸಿಬಿಡಿ.