ದೋಸೆ ಬಿಲ್ಲು ಹಿಡಿದು ಬೀಜಗಣಿತ ಬಿಡಿಸೋಣ

ನಮ್ಮ ಅಣ್ಣನ ಮಗಳು ದಾವಣಗೆರೆಯಲ್ಲಿ ಎಂಟನೇ ಕ್ಲಾಸು. ಕೂಡೋದು, ಕಳೆಯೋದು ಪಟಪಟ ಮಾಡುತ್ತಾಳೆ. ವಾಕ್ಯದ ಲೆಕ್ಕ ಬಂತೋ, ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಾಳೆ. ಅವಳಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಟೆಲಲ್ಲಿ 3 ಬೆಣ್ಣೆ ದೋಸೆ, 2 ಕಾಫಿ ತಗೊಂಡಿರಿ. ಬಿಲ್ಲು 220 ರೂಪಾಯಿ. ಕಾಫಿಗಿಂತ ದೋಸೆಗೆ 40 ರೂಪಾಯಿ ಜಾಸ್ತಿ. ಯಾವುದಕ್ಕೆ ಎಷ್ಟು?

ಮೊದಲು ಗೊತ್ತಿಲ್ಲದ್ದಕ್ಕೆ ಹೆಸರಿಡಿ. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ನಾವು ‘ಕ’ ಅನ್ನೋಣ. ಕ ಅಂದರೆ ಕಾಫಿ ಅಲ್ಲ, ಒಂದು ಕಾಫಿಯ ಬೆಲೆ. ಇದನ್ನು ಪೂರ್ತಿ ಸಾಲಾಗಿ ಬರೆಯಿರಿ: ಒಂದು ಕಾಫಿಯ ಬೆಲೆ = ಕ ರೂಪಾಯಿ. ಈ ಸಾಲು ಬರೆಯದೆ ಓಡಿದವರೇ ಕೊನೆಗೆ ಕ = 20 ಅಂತ ಸರಿಯಾಗಿ ಕಂಡುಹಿಡಿದು, ‘ದೋಸೆ 20 ರೂಪಾಯಿ’ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳೋದು.

ಹಾಗಾದರೆ ದೋಸೆ ಕ + 40. ಬಿಲ್ಲು ಹೀಗಾಯಿತು:

3(ಕ + 40) + 2ಕ = 220
3ಕ + 120 + 2ಕ = 220
5ಕ + 120 = 220

ಈಗ ಎರಡೂ ಕಡೆಯಿಂದ 120 ತೆಗೆಯಿರಿ. 5ಕ = 100. ಎರಡೂ ಕಡೆ 5ರಿಂದ ಭಾಗಿಸಿ, ಕ = 20. ಕಾಫಿ 20, ದೋಸೆ 60.

‘ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ’ ಅಂತ ಕಲಿಸುತ್ತಾರಲ್ಲ, ನನಗೆ ಅದು ಇಷ್ಟವಿಲ್ಲ. ಯಾವ ಸಂಖ್ಯೆಯೂ ಎದ್ದು ಎಲ್ಲಿಗೂ ಹೋಗುವುದಿಲ್ಲ. ತಕ್ಕಡಿಯ ಎರಡೂ ತಟ್ಟೆಯಿಂದ ಅಷ್ಟೇ ತೂಕ ತೆಗೆದಿದ್ದೀವಿ, ಅಷ್ಟೇ.

ಆಮೇಲೆ ತಾಳೆ ನೋಡಿ. 3 × 60 = 180, 2 × 20 = 40, ಒಟ್ಟು 220. ನಮ್ಮ ಹುಡುಗಿ ಮೊದಲ ಸಲ ಬ್ರಾಕೆಟ್ ಬಿಡಿಸುವಾಗ 3ಕ + 40 ಅಂತ ಬರೆದಿದ್ದಳು. ಕಾಫಿ 36, ದೋಸೆ 76 ಬಂತು. ತಾಳೆ ನೋಡಿದರೆ ಬಿಲ್ಲು 300! ಮೂರು ದೋಸೆಗೂ 40 ಜಾಸ್ತಿ ಕೊಡಬೇಕು, ಒಂದಕ್ಕೆ ಮಾತ್ರ ಅಲ್ಲ ಅಲ್ವಾ?

ಬ್ರಾಕೆಟ್ ಮುಂದೆ ಮೈನಸ್ ಬಂದರೆ ದೊಡ್ಡವರೂ ಎಡವುತ್ತಾರೆ. ಮಂಡಕ್ಕಿ-ಮಿರ್ಚಿ ಪ್ಲೇಟಿಗೆ ಇಷ್ಟು ಅಂತ ಬೆಲೆ ಇದೆ, ಅಂಗಡಿಯವರು ಪ್ಲೇಟಿಗೆ 5 ರೂಪಾಯಿ ಬಿಟ್ಟರು. 4 ಪ್ಲೇಟ್ ತಗೊಂಡು 200 ಕೊಟ್ಟಿರಿ, 80 ವಾಪಸ್ ಬಂತು. ಪ್ಲೇಟಿನ ಬೆಲೆ ಮ ಆಗಲಿ.

200 − 4(ಮ − 5) = 80

ಇದನ್ನು ಬಿಡಿಸಿದರೆ 200 − 4ಮ + 20 = 80. ಆ 20ಕ್ಕೆ ಪ್ಲಸ್ ಯಾಕೆ? ನಿಮ್ಮ 200ರಲ್ಲಿ ನಾಲ್ಕು ಪ್ಲೇಟಿಗೂ ಪೂರ್ತಿ ಬೆಲೆ ಮುರಿದುಕೊಂಡರೆ ಅವರು 20 ರೂಪಾಯಿ ಜಾಸ್ತಿ ತಗೊಂಡ ಹಾಗೆ. ಅದನ್ನು ನಿಮ್ಮ ಕೈಗೆ ವಾಪಸ್ ಕೊಡಲೇಬೇಕು. 220 − 4ಮ = 80, 4ಮ = 140, ಮ = 35. ಕ್ರಿ.ಶ. 628ರಲ್ಲೇ ಗಣಿತಜ್ಞ ಬ್ರಹ್ಮಗುಪ್ತ ಇಂಥ ಪ್ಲಸ್, ಮೈನಸ್ ಸಂಖ್ಯೆಗಳ ನಿಯಮಗಳನ್ನು ಧನ, ಋಣ ಅಂತ ಹೆಸರಿಟ್ಟು ಬರೆದಿದ್ದ. ಋಣ ಅಂದರೆ ಸಾಲ ತಾನೇ, ಸಾಲ ಕಳೆದರೆ ಕೈಯಲ್ಲಿ ದುಡ್ಡು ಜಾಸ್ತಿ.

ಇನ್ನು ಅಂಕಿ ತಿರುಗಿಸುವ ಲೆಕ್ಕ. ನಮ್ಮೂರ ಗಾಡಿ ನಂಬರು ಕೆಎ 17, ಚಿತ್ರದುರ್ಗದ್ದು ಕೆಎ 16. ತಿರುಗಿಸಿ ಕಳೆಯಿರಿ: 71 − 17 = 54, 61 − 16 = 45. ಎರಡೂ 9ರಿಂದ ಭಾಗ ಹೋಗುತ್ತವೆ. ಹತ್ತರ ಸ್ಥಾನದಲ್ಲಿ ಅ, ಬಿಡಿ ಸ್ಥಾನದಲ್ಲಿ ಬ ಇದ್ದರೆ ಸಂಖ್ಯೆ 10ಅ + ಬ, ‘ಅಬ’ ಅಲ್ಲ. ತಿರುಗಿಸಿದ್ದು 10ಬ + ಅ. ಕಳೆದರೆ ಉಳಿಯೋದು 9(ಬ − ಅ). 17ಕ್ಕೆ 9 × 6, 16ಕ್ಕೆ 9 × 5.

ಈಗ ನೀವು ಮಾಡಿ: ಎರಡಂಕಿ ಸಂಖ್ಯೆ, ಅಂಕಿಗಳ ಮೊತ್ತ 9, ತಿರುಗಿಸಿದರೆ 27 ಜಾಸ್ತಿ. ಬ − ಅ = 3 ಅನ್ನೋವರೆಗೆ ಬಂದರೆ ಮುಕ್ಕಾಲು ಮುಗಿದಂತೆ. 36 ಬಂತಾ?