ಕಲ್ಲು ಹೊಲ ಅಂದರು, ಈಗ ಮನೆಯ ಜೋಳ ಅಲ್ಲಿಂದಲೇ ಬರುತ್ತಿದೆ

ಈ ಸಲ ಎಳ್ಳಮವಾಸ್ಯೆಗೆ ನಮ್ಮದೇ ಹೊಲದಲ್ಲಿ ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲಿದೆವು. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಉಪ್ಪು, ಬೆಲ್ಲ, ಅಕ್ಕಿ ಬಿಟ್ಟರೆ ತಟ್ಟೆಯಲ್ಲಿದ್ದದ್ದೆಲ್ಲ ಎರಡು ಎಕರೆ 12 ಗುಂಟೆಯಲ್ಲಿ ಬೆಳೆದದ್ದು. ಇದೇ ಹೊಲ ನೋಡಿ 2021ರಲ್ಲಿ ನಮ್ಮ ಸೋದರಮಾವ ‘ದುಡ್ಡು ಕೊಟ್ಟು ಕಲ್ಲು ತಗೊಂಡೆಯಲ್ಲೋ’ ಅಂದಿದ್ದರು. ಈ ಸಲ ಚರಗದ ದಿನ ಅವರೇ ಕೇಳಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಹೊಲ ಇರುವುದು ಕುಷ್ಟಗಿ ತಾಲೂಕಿನಲ್ಲಿ. ಹಳ್ಳಿ ಹೆಸರು ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ತುಂಡು ಮಾರಾಟಕ್ಕೆ ಬರುವಂತಿದೆ, ಅದರ ಮೇಲೆ ನನ್ನ ಕಣ್ಣಿದೆ.

ನಮ್ಮ ಮನೆತನದಲ್ಲಿ ಯಾರ ಹೆಸರಲ್ಲೂ ಪಹಣಿ ಇರಲಿಲ್ಲ. ರೈತರಲ್ಲದವರು ಹೊಲ ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ 2020ರಲ್ಲಿ ತೆಗೆದ ಮೇಲೆಯೇ ನಮ್ಮಂಥವರಿಗೆ ಹೊಲ ಕೊಳ್ಳುವ ದಾರಿ ಸಲೀಸಾಯಿತು. ನಾನು ಕೊಪ್ಪಳದ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಹನ್ನೆರಡು ವರ್ಷದ ಉಳಿತಾಯ, ಹೆಂಡತಿಯ ಬಂಗಾರ ಸೇರಿ ಕೈಯಲ್ಲಿ 14 ಲಕ್ಷದಷ್ಟಿತ್ತು. ಕೇಳಿದವರೆಲ್ಲ ಗಂಗಾವತಿ, ಕಾರಟಗಿ ಕಡೆ ಕಾಲುವೆ ಹೊಲ ಹಿಡಿ ಅಂದರು. ಅಲ್ಲಿ ಆ ದುಡ್ಡಿಗೆ ಮುಕ್ಕಾಲು ಎಕರೆಯೂ ಸಿಗುವುದು ಕಷ್ಟ. ಸಿಕ್ಕರೂ ಸುತ್ತ ಭತ್ತದ ನೀರು ನಿಂತಿರುವಾಗ ನಡುವೆ ತೊಗರಿ, ಎಳ್ಳು ಬೆಳೆಯಲು ಆಗುತ್ತದಾ? ನನಗೆ ಬೇಕಿದ್ದದ್ದು ಮನೆಗೆ ಸಾಕಾಗುವ ಹತ್ತು ಥರದ ಬೆಳೆ. ಒಂದೇ ಬೆಳೆಯ ಗದ್ದೆ ಅಲ್ಲ.

ಮೊದಲ ವ್ಯವಹಾರದಲ್ಲೇ ಏಟು ತಿಂದೆ. ಮೂರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ, ಚಂದದ ಮಣ್ಣು, ಪಹಣಿಯಲ್ಲಿ ಒಬ್ಬರದೇ ಹೆಸರು. ಒಂದು ಲಕ್ಷ ಸಂಚಕಾರ ಕೊಟ್ಟೆ. ಆಮೇಲೆ ವಂಶವೃಕ್ಷ ತೆಗೆಸಿದರೆ ನಾಲ್ಕು ಜನ ಅಕ್ಕತಂಗಿಯರು! ಪಿತ್ರಾರ್ಜಿತ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ಮೂವರು ಸಹಿಗೆ ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಅವರ ಹಕ್ಕು ಅದು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮಾರುವವರು ಮೊದಲೇ ಹೇಳಬಹುದಿತ್ತು ಅಲ್ವಾ? ಹತ್ತು ತಿಂಗಳು ಅಲೆದು 60 ಸಾವಿರ ವಾಪಸ್ ಪಡೆದೆ. 40 ಸಾವಿರ ಹೋಯಿತು.

ಎರಡನೆಯದು ಮಂಜೂರಿ ಜಮೀನು. ಹಳೆಯ ಮ್ಯುಟೇಶನ್‌ಗಳನ್ನು (ಹಕ್ಕು ಬದಲಾದ ದಾಖಲೆಗಳನ್ನು) ಒಂದೊಂದಾಗಿ ಹಿಂದಕ್ಕೆ ಓದುತ್ತಾ ಹೋದಾಗ ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಕೊಟ್ಟ ಭೂಮಿ ಅಂತ ಗೊತ್ತಾಯಿತು. 1978ರ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ದಲ್ಲಾಳಿ ‘ಏನೂ ಆಗಲ್ಲ ತಗೊಳ್ಳಿ’ ಅಂದ. ಅಲ್ಲಿಂದಲೇ ಎದ್ದು ಬಂದೆ.

ಮೂರನೆಯದೇ ಈಗಿನ ಹೊಲ. ಮೇಲೆ ಮಸಾರಿ (ಕೆಂಪು ಮಣ್ಣು), ಕೆಳಗೆ ಹಳ್ಳದ ಕಡೆ ಇಪ್ಪತ್ತು ಗುಂಟೆ ಎರೆ, ನಡುವೆ ಗುಂಡುಕಲ್ಲು. ಐದು ವರ್ಷ ಬಿತ್ತಿರಲಿಲ್ಲ, ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಎಲ್ಲರೂ ಬೇಸಿಗೆಯಲ್ಲಿ ಹೊಲ ನೋಡುತ್ತಾರೆ. ನಾನು ಉತ್ತರಿ ಮಳೆ ಬೀಳುವಾಗ ಹೋದೆ. ದಲ್ಲಾಳಿ ಕಾರಿನಿಂದ ಇಳಿಯಲಿಲ್ಲ. ನಾನು ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು ಬದುಗುಂಟ ನಡೆದೆ. ಮೇಲಿನ ನಾಲ್ಕೈದು ಎಕರೆಯ ನೀರೆಲ್ಲ ಕೆಂಪಗೆ ಈಶಾನ್ಯ ಮೂಲೆಯಿಂದ ಒಳಗೆ ನುಗ್ಗುತ್ತಿತ್ತು. ಬೇವಿನ ಮರದ ಬುಡ ಬಳಸಿ, ಮೊಳಕಾಲುದ್ದದ ಕೊರಕಲು ಮಾಡಿಕೊಂಡು ಹಳ್ಳಕ್ಕೆ ಬೀಳುತ್ತಿತ್ತು. ಅರ್ಧ ತಾಸು ನಿಂತು ನೋಡಿದೆ. ನೀರು ತಿರುಗುವ ಕಡೆಯೆಲ್ಲ ಒಂದೊಂದು ಕಲ್ಲಿಟ್ಟೆ. ಮಾರುವವರಿಗೆ ಆ ಕೊರಕಲು ಹೊಲದ ದೋಷ, ನನಗೆ ಅದೇ ಬಂಡವಾಳ. ಎಕರೆಗೆ ಐದೂವರೆ ಲಕ್ಷ ಹೇಳುತ್ತಿದ್ದರು, ನಾಲ್ಕೂಕಾಲಿಗೆ ಇಳಿಸಿದೆ. ಹೇಗೆ ಇಳಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ, ಆ ಪಕ್ಕದ ತುಂಡಿಗೆ ಬೇಕಾಗುತ್ತದೆ.

ದೊಡ್ಡ ಸರ್ವೇ ನಂಬರಿನಿಂದ ಒಡೆದು ಕೊಳ್ಳುವುದಾದ್ದರಿಂದ ಮಾರುವ ತುಂಡನ್ನಷ್ಟೇ ಅಳೆದು ತೋರಿಸುವ 11ಇ ನಕ್ಷೆ ಆಗಲೇಬೇಕಿತ್ತು. ಅಳತೆ ದಿನ ಗಡಿ ಗುರುತಿನ ಒಂದು ಬಾಂದು ಕಲ್ಲು ಸಿಗಲೇ ಇಲ್ಲ. ಜಾಲಿ ಕಂಟಿ ಕಡಿದು, ಗುದ್ದಲಿಯಿಂದ ಒಂದೂವರೆ ಅಡಿ ಅಗೆದ ಮೇಲೆ ತಲೆ ತೋರಿಸಿತು. ಪಕ್ಕದವರ ಬದು ಅದಕ್ಕಿಂತ ಆರು ಅಡಿ ಈಚೆ ಬಂದಿತ್ತು. ಜಗಳ ಮಾಡಲಿಲ್ಲ. ಊರ ಹಿರಿಯರ ಮುಂದೆ ನಕ್ಷೆ ಇಟ್ಟೆವು, ಬೆಳೆ ಕೊಯ್ದ ಮೇಲೆ ಬಿಟ್ಟುಕೊಟ್ಟರು. ಬಂಡಿ ದಾರಿ ಗ್ರಾಮ ನಕ್ಷೆಯಲ್ಲಿದೆಯಾ ಎಂದೂ ನೋಡಿಕೊಂಡೆ. ಬಾಯಿಮಾತಿನ ದಾರಿಯನ್ನು ನಾನು ನಂಬುವುದಿಲ್ಲ.

ಆಮೇಲೆ ನನ್ನ ತಪ್ಪು. ಮನೆಯವರ ಒತ್ತಾಯಕ್ಕೆ ಬೋರ್ ಹಾಕಿಸಿದೆ. 420 ಅಡಿ, ಒಂದು ಲಕ್ಷ 30 ಸಾವಿರ. ಒಂದಿಂಚು ನೀರು ಬಂತು, ಮಾರ್ಚ್‌ಗೆ ಗಾಳಿ ಮಾತ್ರ. ಇದ್ದಷ್ಟು ದಿನದ ನೀರನ್ನು ಪರೀಕ್ಷೆಗೆ ಕೊಟ್ಟಿದ್ದೆ, ಫ್ಲೋರೈಡ್ ಎರಡು ದಾಟಿತ್ತು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ನಮ್ಮ ಕಡೆ ಎಷ್ಟೋ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಇರುವುದು ಇದರಿಂದಲೇ. ಕುಡಿಯಲು ಮಾಳಿಗೆ ಮೇಲೆ ಬಿದ್ದ ಮಳೆನೀರೇ ಗಟ್ಟಿ ಎಂದು ಅವತ್ತೇ ತೀರ್ಮಾನ ಮಾಡಿದೆ. 400 ಚದರಡಿ ತಗಡಿನ ಮೇಲೆ ನಮ್ಮ ಕಡೆಯ ಮಳೆಗೆ ವರ್ಷಕ್ಕೆ ಹದಿನಾರು ಸಾವಿರ ಲೀಟರ್ ಆಸುಪಾಸು ಸಿಗುತ್ತದೆ. ನಾಲ್ಕು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ಹತ್ತು ಸಾವಿರ ಲೀಟರಿನ ತೊಟ್ಟಿ ಕಟ್ಟಿದೆ. ಮೂರನೇ ವರ್ಷ ನಡೆಯುತ್ತಿದೆ, ಕ್ಯಾನ್ ನೀರು ತಂದಿಲ್ಲ.

ಬೆಳೆಗೆ ಹೊಂಡ. ಕಲ್ಲಿಟ್ಟು ಗುರುತು ಮಾಡಿದ್ದ ಜಾಗದಲ್ಲೇ 12 ಮೀಟರ್ ಉದ್ದಗಲ, ಮೂರು ಮೀಟರ್ ಆಳ ತೋಡಿಸಿದೆ. ಇಳಿಜಾರು ದಡ ಕಳೆದು ಎರಡೂವರೆ ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಲಕ್ಷ ಲೀಟರ್. ಅದರಲ್ಲಿ ಕಾಲು ಭಾಗ ಹರಿದು ಬಂದರೂ ಮೇಲಿನ ಹೊಲಗಳ ನೀರು ಸೇರಿ ಎರಡು ಮೂರು ಒಳ್ಳೆ ಮಳೆಗೆ ತುಂಬುತ್ತದೆ. ಮೊದಲ ವರ್ಷ ದುಡ್ಡು ಉಳಿಸಲು ಎರೆ ಮಣ್ಣು, ಸಗಣಿ ಕಲಸಿ ತಳಕ್ಕೆ ಬಡಿದೆ. ಹದಿನೈದು ದಿನಕ್ಕೆ ಹೊಂಡ ಖಾಲಿ. ಮಸಾರಿಯಲ್ಲಿ ಪ್ಲಾಸ್ಟಿಕ್ ಹಾಳೆ ಇಲ್ಲದೆ ನೀರು ನಿಲ್ಲುವುದಿಲ್ಲ, ಸುಮ್ನೆ ಕೂಲಿ ದಂಡ. ಮರುವರ್ಷ 45 ಸಾವಿರ ಕೊಟ್ಟು ಹಾಳೆ ಹಾಕಿಸಿದೆ. ಹಾಳೆಯ ಮೂಲೆ ಮಡಿಸುವುದರಲ್ಲಿ ಒಂದು ಕೈಚಳಕ ಇದೆ, ಅದನ್ನು ಹೊಲಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಹೊಂಡದ ಮೇಲೆ ತಂತಿ ಎಳೆದು ಹೀರೆ, ಸೋರೆ ಬಳ್ಳಿ ಹಬ್ಬಿಸಿದ್ದು ನನ್ನದೇ ಪ್ರಯೋಗ. ಮಾರ್ಚ್‌ನಲ್ಲಿ ಕೋಲಿಟ್ಟು ಅಳೆದರೆ ಮೊದಲು ವಾರಕ್ಕೆ ಎರಡಿಂಚು ನೀರು ಆವಿಯಾಗಿ ಇಳಿಯುತ್ತಿತ್ತು, ಬಳ್ಳಿ ಹಬ್ಬಿದ ಮೇಲೆ ಒಂದೂಕಾಲು. ಕಾಯಿಪಲ್ಯೆಯೂ ಆಯಿತು. ಮೀನುಮರಿ ಬಿಟ್ಟದ್ದು ಕೈಹಿಡಿಯಲಿಲ್ಲ, ಕೊಕ್ಕರೆಗಳ ಪಾಲಾಯಿತು.

ಈಗ ಮಸಾರಿಯಲ್ಲಿ ಸಜ್ಜೆ, ಅದರ ಸಾಲುಗಳ ನಡುವೆ ತೊಗರಿ ಅಕ್ಕಡಿ, ಹೆಸರು, ಎಳ್ಳು, ಎಣ್ಣೆಗೆ ಶೇಂಗಾ. ಎರೆಯಲ್ಲಿ ಹಿಂಗಾರಿ ಜೋಳ. ತೆನೆ ಹಾಯುವಾಗ ಹೊಂಡದಿಂದ ಒಂದೇ ಒಂದು ಸಲ ನೀರು ಕೊಡುತ್ತೇನೆ. ಇಪ್ಪತ್ತು ಗುಂಟೆಗೆ ಹೋದ ವರ್ಷ ಮೂರು ಕ್ವಿಂಟಲ್ ಹತ್ತಿರ ಬಂತು, ನೀರು ಕೊಡದ ಪಕ್ಕದ ಹೊಲದಲ್ಲಿ ಅದರ ಅರ್ಧ. ಸಜ್ಜೆ ಮೂರು ಕ್ವಿಂಟಲ್, ತೊಗರಿ ಒಂದೂವರೆ. ರೊಟ್ಟಿಗೆ, ಬೇಳೆಗೆ ವರ್ಷ ಪೂರ್ತಿ ಸಾಕಾಗಿ ಮಿಕ್ಕಿತು. ಚಿಗರಿ (ಜಿಂಕೆ) ಕಾಟ ಜಾಸ್ತಿ. ಹಳೇ ಸೀರೆ ಕಟ್ಟಿದರೆ ತಿಂಗಳೊಳಗೆ ರೂಢಿ ಮಾಡಿಕೊಳ್ಳುತ್ತವೆ. ಜೋಳದ ಸುತ್ತ ನಾಲ್ಕು ಸಾಲು ಕುಸುಬೆ ಒತ್ತಾಗಿ ಬಿತ್ತಿದೆ. ಮುಳ್ಳಿಗೆ ಹೆದರಿ ಹೊರಗೇ ನಿಂತವು.

ಒಟ್ಟು ಖರ್ಚು: ಹೊಲಕ್ಕೆ 9 ಲಕ್ಷ 80 ಸಾವಿರದ ಹತ್ತಿರ, ನೋಂದಣಿ, ಅಳತೆ ಎಲ್ಲ ಸೇರಿ 85 ಸಾವಿರ, ಬೋರು, ಹೊಂಡ, ತೊಟ್ಟಿ, ತಗಡಿನ ಮನೆ, ಮುಳುಗಿದ ಸಂಚಕಾರ ಸೇರಿಸಿದರೆ ಹದಿನೇಳೂವರೆ ಲಕ್ಷ. ಕಡಿಮೆ ಬಿದ್ದದ್ದನ್ನು ಅಂಗಡಿಯಲ್ಲಿ ಇನ್ನೆರಡು ವರ್ಷ ದುಡಿದು ತುಂಬಿಸಿದೆ. ಈಗ ತಿಂಗಳಿಗೆ ಕೈಗಾಸು ಆರು ಸಾವಿರ ಬೇಕು. ಹೆಂಡತಿಯ ಹೊಲಿಗೆ, ಕೋಳಿಮೊಟ್ಟೆ, ನಿಂಬೆಹಣ್ಣಿನಿಂದ ಅದು ಹುಟ್ಟುತ್ತದೆ. ಇನ್ನೆರಡು ವರ್ಷಕ್ಕೆ ಹೊಂಡದ ಹಾಳೆ ಬದಲಿಸಬೇಕು. ಅದಕ್ಕೆಂದೇ ನಾಲ್ಕು ಹೋತ ಮಾರದೆ ಬೆಳೆಸುತ್ತಿದ್ದೇವೆ.