ಕೊಲೆ ಮಾಡಿದ ರಾಜಕಾರಣಿ ಬಗ್ಗೆ ಬರೆಯೋ ಮುಂಚೆ

ಹುಬ್ಬಳ್ಳಿಯಲ್ಲಿ ಗಿರ್ಮಿಟ್ ತಿಂತಾ "ಆ ಲೀಡರ್ ಕೊಲೆಗಾರ" ಅನ್ನೋದು ಸುಲಭ. ಬರೆಯುವಾಗ ಹಾಗಲ್ಲ. ಕೊಂದದ್ದು ನಿಜವೇ, ಕೇಸು ನಡೆಯಿತೇ, ತೀರ್ಪು ಏನು, ಮೂರನ್ನೂ ಬೇರೆ ಬೇರೆ ನೋಡಿ.

ಅಮೆರಿಕದ ಸಂಸದ ಡೇನಿಯಲ್ ಸಿಕಲ್ಸ್‌ನನ್ನೇ ತಗೊಳ್ಳಿ. 1859ರಲ್ಲಿ ವಾಷಿಂಗ್ಟನ್‌ನಲ್ಲಿ, ಹಾಡಹಗಲೇ, ಹೆಂಡತಿಯ ಪ್ರಿಯಕರ ಫಿಲಿಪ್ ಬಾರ್ಟನ್ ಕೀಯನ್ನು ಗುಂಡಿಟ್ಟು ಕೊಂದ, ಆ ಹೊತ್ತಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ ಅನ್ನೋ ವಾದದ ಮೇಲೆ ಬಿಡುಗಡೆಯಾದ, ಮುಂದೆ ಸೇನೆಯಲ್ಲಿ ಜನರಲ್ ಕೂಡ ಆದ. ನನಗೆ ಇದು ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ. ಆದರೂ 'ಶಿಕ್ಷೆಯಾದವನು' ಅಂತ ಬರೆದರೆ ತಪ್ಪು, ಅಲ್ವಾ?

ಆರನ್ ಬರ್ 1804ರಲ್ಲಿ ಅಮೆರಿಕದ ಉಪಾಧ್ಯಕ್ಷನಾಗಿದ್ದಾಗಲೇ ದ್ವಂದ್ವಯುದ್ಧದಲ್ಲಿ ರಾಜಕೀಯ ಎದುರಾಳಿ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನನ್ನು ಕೊಂದ. ಕೊಲೆ ಆರೋಪ ಬಂತು, ವಿಚಾರಣೆ ನಡೆಯಲಿಲ್ಲ.

ನಮ್ಮ ದೇಶದ ಕೇಸಾದರೆ ಕೆಳಗಿನ ಕೋರ್ಟಿಗೇ ನಿಲ್ಲಬೇಡಿ. ಧಾರವಾಡದ ಹೈಕೋರ್ಟ್ ಪೀಠ ಮೇಲ್ಮನವಿಗಳನ್ನೂ ಕೇಳುತ್ತದೆ. ಕೊನೆಯ ತೀರ್ಪಿನ ತಾರೀಖು ಹಾಕಿ.